ಸಂಕಲನದ ಕತ್ತರಿಯೂ ಒಂದು ಅಮಾನತ್ತು

(ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಯುವಕರ ಸಭೆಯಲ್ಲಿ ಮಾಡಿದ ಭಾಷಣದ ಸಾರಾಂಶ)



ಚಿತ್ರೀಕರಣ ಹಾಗೂ ವಿಡಿಯೋ ಸಂಕಲನದ ಅಭಿರುಚಿ ನಿಮ್ಮಲ್ಲನೇಕರಿಗಿದೆ. ಅದನ್ನು ಮದುವೆಯ ದೃಶ್ಯಗಳಿಗೆ ಹಾಡು ಜೋಡಿಸುವುದಕ್ಕಷ್ಟೇ ಸೀಮಿತಗೊಳಿಸಬೇಕೇ?

ಈ ನೆಲದ ಕಥೆ ಬೆಳ್ಳಿತೆರೆಗೆ ಹೊಸದಲ್ಲ. 1824ರ ಕಿತ್ತೂರು ಸಮರ 1961ರಲ್ಲಿ ಬಿ.ಆರ್. ಪಂತುಲು ಅವರ 'ಕಿತ್ತೂರು ಚೆನ್ನಮ್ಮ' ಚಿತ್ರವಾಯಿತು. ರಾಣಿ ಬಂಧಿಯಾಗಿ ಕೊನೆಯುಸಿರೆಳೆದ ಬೈಲಹೊಂಗಲ, ರಾಮದುರ್ಗದ ಮಗ್ಗಗಳು, ಮಲಪ್ರಭೆಗೆ ಕಟ್ಟಿದ ನವಿಲುತೀರ್ಥ ಅಣೆಕಟ್ಟು, ಇವೆಲ್ಲ ನಿಮ್ಮ ಕಣ್ಣೆದುರಿಗೇ ಇವೆ.

ಸಿನಿಮಾಗಳು ಮುಸ್ಲಿಮರನ್ನು ವಿಕೃತವಾಗಿ ಚಿತ್ರಿಸುತ್ತವೆಂದು ನಾವು ದೂರುತ್ತೇವೆ. ದೂರಿನಲ್ಲಿ ಹುರುಳಿದೆ. ಆದರೆ ಬಾನು ಮುಷ್ತಾಕ್‌ರ 'ಕರಿ ನಾಗರಗಳು' ಕಥೆಯನ್ನು ನೆನೆಯಿರಿ. ಗಿರೀಶ್ ಕಾಸರವಳ್ಳಿ ಅದನ್ನು 2004ರಲ್ಲಿ 'ಹಸೀನಾ' ಚಿತ್ರವಾಗಿಸಿದರು. ತಾರಾ ರಾಷ್ಟ್ರಪ್ರಶಸ್ತಿ ಪಡೆದರು. ಪತಿ ತೊರೆದ ಹೆಣ್ಣು ಮಸೀದಿಯ ಮುತವಲ್ಲಿಯ ಬಳಿ ನ್ಯಾಯ ಬೇಡುವ ಆ ಕಥೆ ನಮಗೆ ಮುಜುಗರ ತರುತ್ತದೆ. ತರಲಿ. ಪರಿತ್ಯಕ್ತೆಗೆ ನ್ಯಾಯ ನೀಡದ ಸಮುದಾಯಕ್ಕೆ ಕ್ಯಾಮರಾವನ್ನು ದೂಷಿಸುವ ಹಕ್ಕಿಲ್ಲ.

ಸಂಕಲನವೆಂದರೆ ಆಯ್ಕೆ. ಒಬ್ಬನ ಮಾತಿನಿಂದ 'ಆದರೆ' ಎಂಬುದನ್ನು ಕತ್ತರಿಸಿದರೆ ಅರ್ಥ ತಲೆಕೆಳಗಾಗುತ್ತದೆ. ಹಳೆಯ ಗಲಭೆಯ ದೃಶ್ಯಕ್ಕೆ ಇಂದಿನ ದಿನಾಂಕ ಅಂಟಿಸಿದರೆ ಊರಿಗೇ ಬೆಂಕಿ ಬೀಳಬಹುದು. ಬಂದ ಸುದ್ದಿಯನ್ನು ಪರಿಶೀಲಿಸಬೇಕೆಂದು ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯ ಆದೇಶಿಸಿದೆ. ಸಂಕಲನಕಾರನಿಗೂ ಆ ಆದೇಶ ಅನ್ವಯಿಸುತ್ತದೆ.

ಐದು ನಿಮಿಷದ ಸಾಕ್ಷ್ಯಚಿತ್ರದಿಂದ ಆರಂಭಿಸಿರಿ. ಒಬ್ಬ ನೇಕಾರನ ಒಂದು ದಿನ ಸಾಕು. ಧರ್ಮ ಯಾವುದೆಂದು ನೋಡಬೇಡಿರಿ. ಲೋಕಕ್ಕೆ ತೋರಿಸುವ ಮುನ್ನ ಅವನಿಗೇ ತೋರಿಸಿರಿ. ತಾನು ಹೇಳಿದ್ದು ಇದನ್ನೇ ಎಂದು ಅವನು ಒಪ್ಪಿದರೆ ನೀವು ಅಮಾನತ್ತನ್ನು ನಿರ್ವಹಿಸಿದ್ದೀರಿ.