ಹೊಗೆಗೊಂದು ದಾರಿ, ಬಚ್ಚಲ ನೀರಿಗೊಂದು ಮಡಿ

(ಮಹಿಳಾ ಸಮಾಜದ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)

ತಾಯಂದಿರೇ, ಅಕ್ಕತಂಗಿಯರೇ, ಹಿಂದೆ ಕಂಬಕ್ಕೆ ಒರಗಿ ಕುಳಿತಿರುವ ಯಜಮಾನರೇ,

ಗ್ರಾಮಸೇವಕನೆಂದರೆ ಬೀಜ, ಗೊಬ್ಬರಗಳ ಮಾತನಾಡುವವನೆಂದು ನೀವು ತಿಳಿದಿರುವುದು ಸಹಜ. ಇಂದು ನಾನು ಹೊಲದ ಮಾತು ಬಿಟ್ಟು ಮನೆಯ ಮಾತು ಆಡುತ್ತೇನೆ. ಹೊಲದಲ್ಲಿ ಬೆಳೆದದ್ದು ಊಟವಾಗುವುದು ಅಡಿಗೆಮನೆಯಲ್ಲಿ ತಾನೆ? ನಮ್ಮಲ್ಲಿ ಅನೇಕ ಮನೆಗಳು ಚಿಕ್ಕವು. ಒಲೆ, ಬಚ್ಚಲು, ಮಲಗುವ ಜಾಗ ಎಲ್ಲವೂ ಒಂದೇ ಸೂರಿನ ಕೆಳಗೆ. ಮನೆಯನ್ನು ದೊಡ್ಡದು ಮಾಡುವ ಶಕ್ತಿ ಎಲ್ಲರಿಗೂ ಇಲ್ಲ. ಆದರೆ ಒಳಗಿನ ಹೊಗೆಯನ್ನು ಹೊರಗೆ ಕಳಿಸುವುದು, ಹೊರಗೆ ಹರಿದುಹೋಗುವ ನೀರನ್ನು ಗಿಡದ ಬುಡಕ್ಕೆ ತಿರುಗಿಸುವುದು, ಇವೆರಡೂ ಎಲ್ಲರ ಕೈಲಾಗುವ ಕೆಲಸಗಳು.

ಮೊದಲು ಹೊಗೆ. 2016ರಲ್ಲಿ ಉಜ್ವಲಾ ಯೋಜನೆ ಆರಂಭವಾದ ಮೇಲೆ ಎಷ್ಟೋ ಬಡ ಮನೆಗಳಿಗೆ ಗ್ಯಾಸು ಬಂತು. ಅಡಿಗೆಯನ್ನೆಲ್ಲ ಅದರಲ್ಲೇ ಮಾಡಬಲ್ಲವರು ಹಾಗೆಯೇ ಮಾಡಿ, ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಕಾಫಿಗೆ ಗ್ಯಾಸು, ಮುದ್ದೆಯ ಎಸರಿಗೂ ಸ್ನಾನದ ನೀರಿಗೂ ಸೌದೆ ಎಂಬ ಪದ್ಧತಿ ಅನೇಕ ಮನೆಗಳಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಮನೆಯೊಳಗಿನ ಹೊಗೆಯಿಂದ ಪ್ರಪಂಚದಲ್ಲಿ ಸುಮಾರು 32 ಲಕ್ಷ ಜನರು ತೀರಿಕೊಂಡರು. ಅವರಲ್ಲಿ ಐದು ವರ್ಷ ತುಂಬದ ಮಕ್ಕಳೇ 2 ಲಕ್ಷಕ್ಕೂ ಹೆಚ್ಚು. ತಾಯಿ ಒಲೆಯ ಮುಂದೆ ಕುಳಿತಾಗ ಮಗು ಅವಳ ತೊಡೆಯ ಮೇಲಿರುತ್ತದೆ. ತಾಯಿಯ ಕಣ್ಣಿಗೆ ಪೊರೆ ಬರುವುದಕ್ಕೂ ಮಗುವಿನ ಎದೆಗೆ ನೆಗಡಿ ಇಳಿದು ನ್ಯುಮೋನಿಯ ಆಗುವುದಕ್ಕೂ ಈ ಹೊಗೆ ಒಂದು ಕಾರಣ.

"ಹೊಗೆಯಿದ್ದರೆ ಸೂರಿಗೆ ಹುಳು ಹತ್ತುವುದಿಲ್ಲ" ಎಂದು ಹಿರಿಯರು ಹೇಳುತ್ತಾರೆ. ಅದರಲ್ಲಿ ಸ್ವಲ್ಪ ನಿಜವೂ ಇದೆ. ಆದರೆ ಕಾಳನ್ನು ಚೆನ್ನಾಗಿ ಒಣಗಿಸಿ ಮುಚ್ಚಳದ ಡಬ್ಬದಲ್ಲಿಟ್ಟರೂ ಹುಳುವಿನ ಕಾಟ ಕಡಿಮೆಯಾಗುತ್ತದೆ. ತೊಲೆಯನ್ನು ಕಾಪಾಡಲು ಹೋಗಿ ಮನೆಯವಳ ಎದೆಗೆ ಮಸಿ ಹಿಡಿಸುವುದು ಯಾವ ಲೆಕ್ಕ?

ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದ ಸುಮಾರು ಹತ್ತರಲ್ಲೊಂದು ಪಾಲು ಮಾತ್ರ ಪಾತ್ರೆಗೆ ತಾಗುತ್ತದೆ. ಇದನ್ನು ಕಂಡೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ವಿಭಾಗದವರು ಅಸ್ತ್ರ ಒಲೆಯನ್ನು ರೂಪಿಸಿದರು. ಇದರಲ್ಲಿ ಬೆಂಕಿ ಮುಚ್ಚಿದ ಗೂಡಿನಲ್ಲಿ ಉರಿಯುತ್ತದೆ. ಕೆಳಗಿನ ಕಬ್ಬಿಣದ ಜಾಲರಿಯಿಂದ ಗಾಳಿ ಬರುತ್ತದೆ. ಶಾಖವು ಸಾಲಾಗಿಟ್ಟ ಪಾತ್ರೆಗಳಿಗೆ ತಾಗಿದ ಮೇಲೆ ಹೊಗೆ ಕೊಳವೆಯಿಂದ ಮಾಡಿನ ಮೇಲಕ್ಕೆ ಹೋಗುತ್ತದೆ. ಪಾತ್ರೆ ಒಲೆಯ ಬಾಯಿಗೆ ಸರಿಯಾಗಿ ಕೂರಬೇಕು. ಸಂದಿ ಉಳಿದರೆ ಹೊಗೆ ಮತ್ತೆ ಮನೆಯೊಳಗೇ. ಹುಲ್ಲಿನ ಮಾಡಿನವರು ಕೊಳವೆ ಹುಲ್ಲಿಗೆ ತಾಗದಂತೆ ನೋಡಿಕೊಳ್ಳಬೇಕು, ಇಲ್ಲವಾದರೆ ಬೆಂಕಿಯ ಅಪಾಯ. ಹೆಂಚಿನ ಮನೆಯವರು ಒಲೆಯ ನೇರಕ್ಕೆ ಒಂದು ಗಾಜಿನ ಹೆಂಚು ಹಾಕಿಸಿದರೆ ಹಗಲಲ್ಲಿ ದೀಪ ಬೇಡ. ಅಕ್ಕಿಯ ಕಲ್ಲೂ ಕಾಣುತ್ತದೆ.

ಒಂದು ಎಚ್ಚರಿಕೆ. 1983ರಲ್ಲಿ ಆರಂಭವಾಗಿ 2002ರಲ್ಲಿ ನಿಂತುಹೋದ ರಾಷ್ಟ್ರೀಯ ಸುಧಾರಿತ ಒಲೆ ಕಾರ್ಯಕ್ರಮದಲ್ಲಿ ದೇಶದ ತುಂಬ ಒಲೆಗಳನ್ನು ಹಾಕಿದರು. ಎಷ್ಟೋ ಕಡೆ ಅವು ಉಳಿಯಲಿಲ್ಲ. ಕೊಳವೆಯಲ್ಲಿ ಮಸಿ ಕಟ್ಟಿತು, ತೆಗೆಯುವವರಿಲ್ಲ. ಮಣ್ಣು ಬಿರಿಯಿತು, ಮೆತ್ತುವವರಿಲ್ಲ. ಆದ್ದರಿಂದ ಒಲೆ ಹಾಕಿಸಿದ ದಿನವೇ ಮಸಿ ತೆಗೆಯುವವರು ಯಾರೆಂದು ಮನೆಯಲ್ಲಿ ಗೊತ್ತುಮಾಡಿ. ಮಾಡು ಹತ್ತುವ ಆ ಕೆಲಸ ಗಂಡಸರದಾಗಲಿ.

ಇನ್ನು ನೀರು. ಬಚ್ಚಲ ನೀರು ಬೀದಿಯಲ್ಲಿ ನಿಂತರೆ ಸೊಳ್ಳೆ, ಹಿತ್ತಲಿಗೆ ಹರಿದರೆ ಪಲ್ಯ. ಗೋಡೆಯಿಂದ ನಾಲ್ಕಡಿಯಾದರೂ ದೂರ ಒಂದು ಗುಂಡಿ ತೋಡಿ ಕಲ್ಲು, ಮರಳು ತುಂಬಿ, ಅದರ ಸುತ್ತ ಬಾಳೆ, ಕೆಸು ನೆಡಿ. ನುಗ್ಗೆಗೆ ನಿಂತ ನೀರು ಆಗದು. ಅದನ್ನು ಎತ್ತರದ ಜಾಗದಲ್ಲಿಡಿ. ಮಳೆಗಾಲದ ಆರಂಭದಲ್ಲಿ ಮೂರು-ನಾಲ್ಕಡಿ ಉದ್ದದ ಬಲಿತ ಕೊಂಬೆಯನ್ನು ನೆಟ್ಟರೆ ಬೇರು ಬಿಡುತ್ತದೆ. ಅಕ್ಕಿ, ತರಕಾರಿ ತೊಳೆದ ನೀರನ್ನು ದಂಟು, ಹರಿವೆ ಸೊಪ್ಪಿನ ಮಡಿಗೆ ಹಾಕಿ. ಸೋಪಿನ ನೀರು ಸೊಪ್ಪಿಗೆ ಬೇಡ. ಬಸಳೆಗೆ ಒಂದು ಚಪ್ಪರ ಸಾಕು, ದೊಡ್ಡಪತ್ರೆಗೆ ಒಡೆದ ಮಡಕೆಯೂ ಸಾಕು. ಒಲೆಯ ಬೂದಿಯನ್ನು ತಿಪ್ಪೆಗೆ ಸೇರಿಸಿದರೆ ಅದೂ ಗೊಬ್ಬರವೇ.

ನುಗ್ಗೆಸೊಪ್ಪಿನಲ್ಲಿ ಕಣ್ಣಿಗೆ ಬೇಕಾದ ಎ ಜೀವಸತ್ವವೂ ರಕ್ತಕ್ಕೆ ಬೇಕಾದ ಕಬ್ಬಿಣವೂ ಇವೆ. ಪಲ್ಯ ಇಳಿಸಿದ ಮೇಲೆ ನಿಂಬೆಹುಳಿ ಹಿಂಡಿದರೆ ಆ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಸೊಪ್ಪನ್ನು ಮಕ್ಕಳಿಗೂ ಗಂಡಸರಿಗೂ ಬಡಿಸಿ, ತಳದಲ್ಲಿ ಉಳಿದದ್ದನ್ನು ಉಣ್ಣುವ ತಾಯಂದಿರೇ, ಮೊದಲೇ ನಿಮ್ಮ ಪಾಲು ತೆಗೆದಿಡಿ. ಹೆರಿಗೆಗೆ ರಕ್ತ ಬೇಕಾಗುವುದು ನಿಮಗೆ.

ಕೊನೆಗೆ ಯಜಮಾನರಲ್ಲಿ ಒಂದು ಅರಿಕೆ. ಸೌದೆ ಹೊರುವವಳು ಅವಳು, ಹೊಗೆ ಕುಡಿಯುವವಳೂ ಅವಳೇ. ಆದರೆ ಹಣದ ಗಂಟು ನಿಮ್ಮ ಸೊಂಟದಲ್ಲಿದೆ. ಒಂದು ದಿನ ಒಲೆ ಹಚ್ಚುವ ಹೊತ್ತಿಗೆ ಒಳಗೆ ಹೋಗಿ, ಮುದ್ದೆ ತೊಳಸಿ ಇಳಿಸುವವರೆಗೂ ಅವಳ ಪಕ್ಕದಲ್ಲೇ ಕುಳಿತುಕೊಳ್ಳಿ. ಕಣ್ಣೊರೆಸಿಕೊಂಡು ಹೊರಗೆ ಬಂದ ಮೇಲೆ ಕೊಳವೆಗೆ ಹಣ ಕೊಡಬೇಕೇ ಬೇಡವೇ ಎಂಬುದನ್ನು ನೀವೇ ತೀರ್ಮಾನಿಸಿ.