ಗೆದ್ದವನ ಲೇಖನಿ, ಸೋತವನ ಚರಿತ್ರೆ



ಇಂದಿನ ಫ್ರಾನ್ಸ್ ಮತ್ತು ಅದರ ನೆರೆಯ ಭೂಭಾಗಗಳಿಗೆ ಎರಡು ಸಾವಿರ ವರ್ಷಗಳ ಹಿಂದೆ ಗಾಲ್ ಎಂಬ ಹೆಸರಿತ್ತು. ಹತ್ತಾರು ಬುಡಕಟ್ಟುಗಳ ನಾಡು ಅದು. ಅಲ್ಲಿ ಶೌರ್ಯಕ್ಕೆ ಕೊರತೆಯಿರಲಿಲ್ಲ, ಕೊರತೆಯಿದ್ದುದು ಒಗ್ಗಟ್ಟಿಗೆ. ಕ್ರಿ.ಪೂ. 58ರಲ್ಲಿ ರೋಮಿನ ಸೇನಾನಿ ಜೂಲಿಯಸ್ ಸೀಸರ್ ಅಲ್ಲಿಗೆ ರಕ್ಷಕನ ವೇಷದಲ್ಲಿ ಬಂದ. ಜರ್ಮನ್ ದೊರೆ ಅರಿಯೋವಿಸ್ಟಸ್‌ನಿಂದ ತಮ್ಮನ್ನು ಕಾಪಾಡಬೇಕೆಂದು ಏಡುವಿ ಬುಡಕಟ್ಟಿನ ಮುಖಂಡ ಡಿವಿಸಿಯಾಕಸ್‌ನೇ ಅವನಲ್ಲಿ ಮೊರೆಯಿಟ್ಟಿದ್ದ. ಕಾಪಾಡಲು ಬಂದ ಸೇನೆ ಮರಳಿ ಹೋಗಲಿಲ್ಲ. ಅಧಿನಿವೇಶದ ಚರಿತ್ರೆಯಲ್ಲಿ ಇದು ನಾವು ಮತ್ತೆ ಮತ್ತೆ ಕಾಣುವ ಅಧ್ಯಾಯವಲ್ಲವೇ?

ಕ್ರಿ.ಪೂ. 52ರಲ್ಲಿ ಅರ್ವೆರ್ನಿ ಬುಡಕಟ್ಟಿನ ತರುಣ ವರ್ಸಿಂಜೆಟರಿಕ್ಸ್ ಬಂಡಾಯದ ಕರೆ ಕೊಟ್ಟ. ಅವನನ್ನು ಮೊದಲು ಗೆರ್ಗೋವಿಯಾ ನಗರದಿಂದ ಹೊರದಬ್ಬಿದವರು ರೋಮನರಲ್ಲ, ಸ್ವಂತ ಚಿಕ್ಕಪ್ಪ ಮತ್ತು ಊರಿನ ಪ್ರಮುಖರು. ಅವನು ಹಳ್ಳಿಗಾಡಿನ ಬಡವರನ್ನು ಕಟ್ಟಿಕೊಂಡು ಮರಳಿದ. ಸೀಸರ್ ತನ್ನ ಗ್ರಂಥದಲ್ಲಿ ಆ ಜನರನ್ನು ಗತಿಗೆಟ್ಟವರೆಂದು ಹಳಿದಿದ್ದಾನೆ. ಈ ಯುದ್ಧದ ಕುರಿತು ನಮಗೆ ದೊರೆತಿರುವ ಮುಖ್ಯ ಆಧಾರವೇ ಆ ಗ್ರಂಥ. ಗೆದ್ದವನ ಲೇಖನಿಯಿಂದಲೇ ಸೋತವನನ್ನು ನಾವು ಅರಿಯಬೇಕಾಗಿದೆ.

ಶತ್ರುವಿಗೆ ಆಹಾರ ಸಿಗದಂತೆ ಮಾಡುವುದು ವರ್ಸಿಂಜೆಟರಿಕ್ಸ್‌ನ ತಂತ್ರವಾಗಿತ್ತು. ಒಂದೇ ದಿನ 20ಕ್ಕೂ ಹೆಚ್ಚು ಪಟ್ಟಣಗಳನ್ನು ಸ್ವಂತ ಜನರೇ ಸುಟ್ಟರು. ಅವಾರಿಕಮ್ ಅತ್ಯಂತ ಸುಂದರ ನಗರ, ಅದನ್ನು ಉಳಿಸಬೇಕೆಂದು ಅಲ್ಲಿನವರು ಅಂಗಲಾಚಿದರು. ಮನಸ್ಸಿಲ್ಲದಿದ್ದರೂ ಅವನು ಒಪ್ಪಿದ. ಮುತ್ತಿಗೆಯ ಬಳಿಕ ರೋಮನರು ಅಲ್ಲಿ ಮುದುಕರು, ಮಹಿಳೆಯರು, ಮಕ್ಕಳೆನ್ನದೆ ಕೊಂದರು. ಸುಮಾರು 40,000 ಜನರಲ್ಲಿ ಬದುಕಿದವರು 800 ಮಂದಿ ಮಾತ್ರ. ಇದು ಸೀಸರನೇ ಕೊಟ್ಟ ಲೆಕ್ಕ. ಆದರೆ ಗೆರ್ಗೋವಿಯಾದಲ್ಲಿ ಅದೇ ಸೀಸರ್ 46 ಶತಾಧಿಪತಿಗಳನ್ನೂ ಸುಮಾರು 700 ಸೈನಿಕರನ್ನೂ ಕಳೆದುಕೊಂಡು ಹಿಮ್ಮೆಟ್ಟಬೇಕಾಯಿತು. ರೋಮಿನ ಹಳೆಯ ಮಿತ್ರರಾದ ಏಡುವಿಗಳೂ ಆಗ ಬಂಡಾಯದ ಪಕ್ಷ ಸೇರಿದರು.

ಕೊನೆಯ ಹೋರಾಟ ನಡೆದುದು ಅಲೇಸಿಯಾದಲ್ಲಿ. ಸೀಸರ್ ಬೆಟ್ಟವನ್ನು ಸುತ್ತುವರಿದು ಒಳಗಿನವರ ವಿರುದ್ಧ ಒಂದು, ಹೊರಗಿನಿಂದ ಬರುವವರ ವಿರುದ್ಧ ಇನ್ನೊಂದು, ಹೀಗೆ ಎರಡು ಸಾಲು ಕೋಟೆ ಕಟ್ಟಿಸಿದ. ಒಳಗೆ ಧಾನ್ಯ ಮುಗಿಯಿತು. ಆಶ್ರಯ ಕೊಟ್ಟಿದ್ದ ಮಂಡೂಬಿ ಜನರನ್ನೇ ಹೆಂಡತಿ ಮಕ್ಕಳ ಸಮೇತ ಹೊರಗೆ ಕಳುಹಿಸಲಾಯಿತು. ಗುಲಾಮರನ್ನಾಗಿಯಾದರೂ ಸ್ವೀಕರಿಸಿ ಅನ್ನ ಕೊಡಿ ಎಂದು ಅವರು ರೋಮನರನ್ನು ಬೇಡಿಕೊಂಡರೂ ಸೀಸರ್ ಒಳಬಿಡಲಿಲ್ಲ. ಈ ನಿರಪರಾಧಿಗಳಿಗೆ ಎರಡು ಕಡೆಯ ಬಾಗಿಲುಗಳೂ ಮುಚ್ಚಿದ್ದವು. ವೀರರ ಗುಣಗಾನ ಮಾಡುವಾಗ ನಾವು ಇವರನ್ನು ಮರೆಯಬಾರದು.

ಇತ್ತ ನೆರವಿನ ಸೇನೆಗೆ 10,000 ಜನರನ್ನು ಕೊಡಬೇಕಿದ್ದ ಬೆಲ್ಲೋವಾಕಿ ಬುಡಕಟ್ಟು, ತಾನು ಪ್ರತ್ಯೇಕವಾಗಿಯೇ ಯುದ್ಧ ಮಾಡುವೆನೆಂದಿತು. ಒತ್ತಾಯಕ್ಕೆ ಮಣಿದು ಕಳುಹಿಸಿದ್ದು 2,000 ಮಾತ್ರ. ನೆರವಿನ ಸೇನೆ ಚದುರಿದಾಗ ವರ್ಸಿಂಜೆಟರಿಕ್ಸ್ ಸಭೆ ಕರೆದು, ತಾನು ಹೋರಾಡಿದ್ದು ಎಲ್ಲರ ಸ್ವಾತಂತ್ರ್ಯಕ್ಕಾಗಿ. ತನ್ನನ್ನು ಕೊಂದಾದರೂ ಜೀವಂತವಾಗಿ ಒಪ್ಪಿಸಿಯಾದರೂ ರೋಮನರನ್ನು ಸಮಾಧಾನಪಡಿಸಿ ಎಂದ. ಅವನನ್ನು ಸೆರೆಯಲ್ಲಿಟ್ಟು, ಕ್ರಿ.ಪೂ. 46ರಲ್ಲಿ ರೋಮಿನ ವಿಜಯ ಮೆರವಣಿಗೆಯಲ್ಲಿ ಪ್ರದರ್ಶಿಸಿ, ಆ ಬಳಿಕ ಕೊಲ್ಲಲಾಯಿತು.

1865ರಲ್ಲಿ ಫ್ರೆಂಚ್ ಚಕ್ರವರ್ತಿ ಮೂರನೆಯ ನೆಪೋಲಿಯನ್ ಅಲೇಸಿಯಾದಲ್ಲಿ ಅವನ ಬೃಹತ್ ಪ್ರತಿಮೆ ನಿಲ್ಲಿಸಿದ. ಎಂತಹ ವಿಪರ್ಯಾಸ! ಅದೇ ಫ್ರಾನ್ಸ್ 1830ರಿಂದ ಅಲ್ಜೀರಿಯಾವನ್ನು ತುಳಿಯುತ್ತಿತ್ತು. ಅಲ್ಲಿನ ಪ್ರತಿರೋಧದ ನಾಯಕ ಅಮೀರ್ ಅಬ್ದುಲ್ ಕಾದಿರ್‌ರನ್ನು 1847ರಲ್ಲಿ ಶರಣಾದ ಬಳಿಕ ಕೊಟ್ಟ ಮಾತು ಮುರಿದು ಸೆರೆಯಲ್ಲಿಟ್ಟಿತ್ತು. 1852ರಲ್ಲಷ್ಟೇ ಅವರಿಗೆ ಬಿಡುಗಡೆ ದೊರೆಯಿತು. ತನ್ನ ಪೂರ್ವಜನ ಪ್ರತಿರೋಧ ಶೌರ್ಯ, ಪರರ ಪ್ರತಿರೋಧ ಮಾತ್ರ ಅಪರಾಧ ಎನ್ನುವುದು ನ್ಯಾಯವೇ?

ಸಹೋದರರೇ, ನ್ಯಾಯದ ಅಳತೆಗೋಲು ಒಂದೇ ಇರಬೇಕು. ನಮ್ಮವರಿಗೊಂದು, ಪರರಿಗೊಂದು ಆಗಕೂಡದು. ಗೆದ್ದವರು ಬರೆದುದನ್ನು ಪ್ರಶ್ನಿಸುತ್ತಾ ಓದುವುದನ್ನು ನಮ್ಮ ಮಕ್ಕಳಿಗೆ ಕಲಿಸೋಣ. ಮನೆಯ ಜಗಳಕ್ಕೆ ಹೊರಗಿನ ಬಲಿಷ್ಠನನ್ನು ಪಂಚಾಯಿತಿಗೆ ಕರೆದವರು ಕೊನೆಗೆ ಮನೆಯನ್ನೇ ಕಳೆದುಕೊಂಡರೆಂಬ ಪಾಠವನ್ನೂ ನಾವು ಮರೆಯದಿರೋಣ.