ಯಂತ್ರದ ತಾಳಕ್ಕೆ ಮನುಷ್ಯರ ಗಂಟಲು

(ನಮ್ಮ ಬಳಗದ ರಾಜ್ಯೋತ್ಸವದ ಸಂಜೆ ಆಡಿದ ಮಾತಿನ ಬರಹರೂಪ)

ಊಟಕ್ಕೆ ಮುಂಚೆ ಹತ್ತು ನಿಮಿಷ ಕೊಟ್ಟಿದ್ದಾರೆ. ಬಿಸಿಬೇಳೆಬಾತಿನ ವಾಸನೆ ಆಗಲೇ ಬರ್ತಾ ಇದೆ, ಹಾಗಾಗಿ ಹೆಚ್ಚು ಎಳೆಯೋದಿಲ್ಲ.

ನಾನು ಹಾಡುಗಾರನಲ್ಲ. ಹಗಲೆಲ್ಲ ಟೆಸ್ಟಿಂಗ್ ಕೆಲಸ, ಅದೂ ಕಾಂಟ್ರ್ಯಾಕ್ಟ್ ಮೇಲೆ. ಸಂಜೆ 880ರಲ್ಲಿ ಕಾರು ನಿಂತಲ್ಲೇ ನಿಂತಿರುವಾಗ ನನ್ನ ಮಗಳು ಡ್ಯಾನ್ಸ್ ಮ್ಯೂಸಿಕ್ ಹಾಕ್ತಾಳೆ. ಮೊದಮೊದಲು ನನಗೆ ಅದು ರಾಗಿ ಮಿಲ್ಲಿನ ಸದ್ದು. "ಅಪ್ಪ, ಸ್ವಲ್ಪ ತಡಿ, ಈಗ ಹಾಡ್ತಾರೆ" ಅನ್ನೋಳು. ಎರಡು ನಿಮಿಷ ಆದಮೇಲೆ ಡುಬ್ ಡುಬ್ ಇದ್ದಕ್ಕಿದ್ದಂತೆ ನಿಲ್ಲುತ್ತೆ, ಖಾಲಿ ಬಯಲಲ್ಲಿ ನಿಂತು ಕರೆದ ಹಾಗೆ ಒಂದು ಹೆಣ್ಣುದನಿ ಏಳುತ್ತೆ. ಆ ದನಿ ಮೇಲೇರಿ ಇನ್ನೇನು ಮುರಿಯುತ್ತೆ ಅನ್ನುವಾಗ ತಾಳ ವಾಪಸ್ ಬಂದು ಬೀಳುತ್ತೆ. ಆಗ ನನ್ನ ಕಾಲೂ ಬ್ರೇಕ್ ಮೇಲೆ ಕುಣೀತು ನೋಡಿ!

ಇದರಲ್ಲಿ ಒಂದು ಲೆಕ್ಕಾಚಾರ ಇದೆ. ಇಂಥ ಹಾಡುಗಳು ಹೆಚ್ಚಾಗಿ ನಿಮಿಷಕ್ಕೆ 120ರಿಂದ 130 ಬಡಿತದಲ್ಲಿ ಓಡ್ತವೆ, ಯಂತ್ರ ಒಂದು ಕ್ಷಣವೂ ತಪ್ಪೋದಿಲ್ಲ. ಅದೇ ಅದರ ಶಕ್ತಿ, ಅದೇ ಕೊರತೆ. ಯಂತ್ರಕ್ಕೆ ಉಸಿರು ಕಟ್ಟೋದಿಲ್ಲ. ಮೇಲಿನ ಸ್ವರಕ್ಕೆ ಹೋಗುವಾಗ ಹಾಡುವವರ ಗಂಟಲು ಪಡುವ ಕಷ್ಟ ಕೇಳೋರ ಮೈಗೆ ಗೊತ್ತಾಗುತ್ತೆ. ಅದಕ್ಕೇ ಇಲ್ಲಿ ಸಣ್ಣ, ನಯವಾದ ದನಿ ಸಾಕಾಗೋದಿಲ್ಲ. ಅಷ್ಟು ದಪ್ಪ ಸದ್ದಿನ ನಡುವೆ ಕಳೆದುಹೋಗುತ್ತೆ. ನಮ್ಮ ಯಕ್ಷಗಾನದ ಭಾಗವತರು ಚೆಂಡೆಯ ಮೇಲೆ ದನಿ ಎತ್ತಿ ಹಾಡ್ತಾರಲ್ಲ, ಅಂಥ ಗಂಟಲು ಬೇಕು.

ಆ ಗಂಟಲುಗಳ ಕತೆಯಲ್ಲಿ ದೊಡ್ಡ ಪಾಲು ನಾವಿರುವ ಈ ಊರಿನದೇ ಅಂತ ನನಗೆ ಗೊತ್ತೇ ಇರಲಿಲ್ಲ. ಸಿಲ್ವೆಸ್ಟರ್ ಅಂತ ಒಬ್ಬ ಗಾಯಕ. ಹುಟ್ಟಿದ್ದು 1947ರಲ್ಲಿ, ಲಾಸ್ ಏಂಜಲೀಸಿನಲ್ಲಿ. ಚರ್ಚಿನಲ್ಲಿ ಹಾಡಿ ಬೆಳೆದು 1970ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದ. ಗಂಡಸು, ಆದರೆ ಹಾಡೋದು ಕೀರಲಾಗದ, ತುಂಬಿದ ಮೇಲುದನಿಯಲ್ಲಿ. ಅವನ ಹೆಸರಾಂತ ಹಾಡು 'ಯೂ ಮೇಕ್ ಮಿ ಫೀಲ್', 1978ರದು. ಮೊದಲು ಅದು ಪಿಯಾನೋ ಜೊತೆ ಹಾಡುವ ಭಜನೆ ಥರ ಇತ್ತಂತೆ. ಇಲ್ಲೇ ನೆಲೆಸಿದ್ದ ಪ್ಯಾಟ್ರಿಕ್ ಕೌಲಿ ಎಂಬವನು ಅದಕ್ಕೆ ಸಿಂಥಸೈಜರ್ ಸೇರಿಸಿದ. ಚರ್ಚಿನ ಗಂಟಲೂ ಯಂತ್ರದ ತಾಳವೂ ಕೂಡಿದ್ದು ಹಾಗೆ. 1979ರ ಮಾರ್ಚ್‌ನಲ್ಲಿ ಅವನು ಇಲ್ಲಿನ ವಾರ್ ಮೆಮೋರಿಯಲ್ ಅಪೆರಾ ಹೌಸಿನಲ್ಲೇ ಹಾಡಿದ. ಏಡ್ಸ್ ಇಬ್ಬರನ್ನೂ ಕೊಂಡುಹೋಯಿತು: ಕೌಲಿಯನ್ನು 1982ರಲ್ಲಿ, ಸಿಲ್ವೆಸ್ಟರ್‌ನನ್ನು 1988ರಲ್ಲಿ.

ಅವನ ಹಿಂದೆ ನಿಂತು ಹಾಡುತ್ತಿದ್ದ ಇಬ್ಬರು ಹೆಂಗಸರಲ್ಲಿ ಒಬ್ಬರು ಮಾರ್ಥಾ ವಾಷ್. ಸ್ಯಾನ್ ಫ್ರಾನ್ಸಿಸ್ಕೋದಲ್ಲೇ ಹುಟ್ಟಿದವರು, ಇವರೂ ಚರ್ಚಿನ ಗಾಯಕಿಯೇ. ನಾನು ಇವತ್ತು ಹೇಳಬೇಕು ಅಂತ ಬಂದದ್ದು ಇವರ ಕತೆ. 1990ರಲ್ಲಿ ಬಂದ 'ಗೊನ್ನಾ ಮೇಕ್ ಯೂ ಸ್ವೆಟ್' ನೀವೆಲ್ಲ ಕೇಳಿದ್ದೀರಿ, ಹೆಸರು ಗೊತ್ತಿಲ್ಲದಿದ್ದರೂ ಆಟದ ಮೈದಾನದಲ್ಲಿ, ಮದುವೆ ಮನೆಯಲ್ಲಿ ಕಿವಿಗೆ ಬಿದ್ದೇ ಇರುತ್ತೆ. ಶುರುವಲ್ಲೇ ಸಿಡಿಲಿನ ಹಾಗೆ ಬರುವ ಆ ಹೆಣ್ಣುದನಿ ಮಾರ್ಥಾ ಅವರದು. ಸ್ಟುಡಿಯೋಗೆ ಕರೆಸಿ, ಹಾಡಿಸಿ, ಆ ದಿನದ ಕೂಲಿ ಕೊಟ್ಟು ಕಳಿಸಿದ್ದರು. ವಿಡಿಯೋದಲ್ಲಿ ತುಟಿ ಆಡಿಸಿದ್ದು ತೆಳ್ಳಗಿನ ಬೇರೊಬ್ಬಾಕೆ. ಬ್ಲ್ಯಾಕ್ ಬಾಕ್ಸ್ ಎಂಬ ಇಟಲಿಯ ತಂಡದ ಹಾಡುಗಳಲ್ಲೂ ಅದೇ ಕತೆ. ಮಾರ್ಥಾ ದಪ್ಪ ಮೈಯವರು, ತೆರೆಗೆ ಬೇಡವಾದರು. ಗಂಟಲು ಮಾತ್ರ ಬೇಕಾಗಿತ್ತು.

ಆಕೆ ಸುಮ್ಮನಿರಲಿಲ್ಲ, ಕೋರ್ಟಿಗೆ ಹೋದರು. ಎರಡೂ ಕಡೆಯವರು ಕೊನೆಗೆ ರಾಜಿಗೆ ಬಂದರು. ಹಾಡಿದವರ ಹೆಸರು ಹಾಕಲೇಬೇಕು ಅನ್ನೋ ಮಾತು ಆ ಉದ್ಯಮದಲ್ಲಿ ಗಟ್ಟಿಯಾಗಿದ್ದು ಆಮೇಲೆ. 1994ರಲ್ಲಿ 'ಗೊನ್ನಾ ಮೇಕ್ ಯೂ ಸ್ವೆಟ್' ತಂಡದ ಜೊತೆ ಮತ್ತೆ ಹಾಡಿದರು, ಈ ಸಲ ಹೆಸರಿನ ಸಮೇತ.

"ಅಯ್ಯೋ, ನಮ್ಮ ಸಿನಿಮಾದಲ್ಲಿ ಎಲ್ಲರೂ ತುಟಿ ಆಡಿಸೋರೇ ಅಲ್ವಾ?" ಅಂತ ನನ್ನ ಹೆಂಡತಿ ಕೇಳಿದಳು. ನಿಜವೇ. ರಾಜ್‌ಕುಮಾರ್ ಅವರಿಗೆ ಪಿ.ಬಿ. ಶ್ರೀನಿವಾಸ್ ಎಷ್ಟು ವರ್ಷ ದನಿಯಾಗಿದ್ದರು! ಆದರೆ ಅದು ಪಿಬಿಎಸ್ ದನಿ ಅಂತ ಹಳ್ಳಿಯ ಹುಡುಗರಿಗೂ ಗೊತ್ತಿತ್ತು. ಅಲ್ಲೂ ಮೊದಲಿಂದ ಹಾಗೇನಿರಲಿಲ್ಲ. 1949ರ 'ಮಹಲ್' ಚಿತ್ರದ ಹಾಡಿನ ರೆಕಾರ್ಡ್ ಮೇಲೆ ಲತಾ ಮಂಗೇಶ್ಕರ್ ಹೆಸರಿರಲಿಲ್ಲ, ಪಾತ್ರದ ಹೆಸರು 'ಕಾಮಿನಿ' ಅಂತ ಅಚ್ಚಾಗಿತ್ತು. ತುಟಿ ಆಡಿಸೋದು ನನ್ನ ಪ್ರಕಾರ ತಪ್ಪಲ್ಲ. ಹೆಸರು ನುಂಗೋದು ತಪ್ಪು.

ಇದನ್ನು ಓದುವಾಗ ನನಗೆ ಹೊಟ್ಟೆ ಉರೀತು. ಕಾಂಟ್ರ್ಯಾಕ್ಟ್ ಕೆಲಸದವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ಮೂರು ತಿಂಗಳು ರಾತ್ರಿ ಕೂತು ಹಿಡಿದ ತಪ್ಪುಗಳ ಪಟ್ಟಿ ಬೇರೆಯವರ ಹೆಸರಲ್ಲಿ ಪರದೆ ಮೇಲೆ ಬಂದಾಗ ಹಿಂದಿನ ಸಾಲಲ್ಲಿ ಕೂತು ಚಪ್ಪಾಳೆ ತಟ್ಟಿದವನು ನಾನು. ವೀಸಾ ನೆನಪಾಗಿ ಬಾಯಿ ಬಿಡಲಿಲ್ಲ.

ಆದರೆ ಉರಿ ಆರೋ ಮೊದಲೇ ಇನ್ನೊಂದು ನೆನಪಾಯಿತು. ಹೋದ ವರ್ಷ ಇದೇ ಸಭೆಯಲ್ಲಿ ನಮ್ಮ ಹುಡುಗರು ಸೋಬಾನೆ ಪದಕ್ಕೆ ಬೀಟ್ ಹಾಕಿ ಕುಣಿಸಿದ್ದರಲ್ಲ? ಹಾಡಿದ್ದು ಮಗಳ ಬಾಣಂತನಕ್ಕೆ ಮಂಡ್ಯದ ಕಡೆಯಿಂದ ಬಂದಿದ್ದ ಒಬ್ಬ ಅಜ್ಜಿ. ಅಡುಗೆಮನೆಯಲ್ಲಿ ಫೋನ್ ಹಿಡಿದು ರೆಕಾರ್ಡ್ ಮಾಡಿದ್ದು, ಹಿಂದೆ ಕುಕ್ಕರ್ ಕೂಗಿದ್ದೂ ಕೇಳುತ್ತೆ. ಇಡೀ ಹಾಲ್ ಎದ್ದು ಕುಣಿದದ್ದು ಆ ಗಂಟಲಿಗೆ. ಕಾರ್ಯಕ್ರಮ ಪಟ್ಟಿ ಬರೆದವನು ನಾನು. ಬೀಟ್ ಹಾಕಿದ ಇಬ್ಬರು ಹುಡುಗರ ಹೆಸರು ದಪ್ಪಕ್ಷರದಲ್ಲಿ, ಅದರ ಕೆಳಗೆ "ಜಾನಪದ ಧ್ವನಿ" ಅಂತ ಬರೆದಿದ್ದೆ. ಅಷ್ಟೇ. ಮುಗಿದ ಮೇಲೆ ಅಜ್ಜಿ ಆ ಹಾಳೆ ಹಿಡಿದು ಬಂದರು. "ನನ್ ಹೆಸ್ರು ಎಲ್ಲೈತೆ, ತೋರ್ಸು ಮಗ. ಊರಿಗ್ ತಕ್ಕಂಡೋಗ್ಬೇಕು" ಅಂದರು. "ಮರೆತುಹೋಯ್ತು ಕಣವ್ವ" ಅಂದೆ. "ಓಗ್ಲಿ ಬುಡು" ಅಂತ ಹಾಳೆ ಮಡಚಿ ಸೆರಗಿಗೆ ಸೇರಿಸಿಕೊಂಡರು. ನಾನೂ ಬಿಟ್ಟೇ ಬಿಟ್ಟಿದ್ದೆ, ಮಾರ್ಥಾ ವಾಷ್ ಕತೆ ಓದೋವರೆಗೆ.

ಹೊಸ ಹಾಳೆ ಅಚ್ಚು ಮಾಡಿಸಿ ಹೋದ ತಿಂಗಳು ಊರಿಗೆ ಕಳಿಸಿದೀನಿ. ಈಗ ಅದೇ ಟ್ರ್ಯಾಕ್ ಹಾಕ್ತಾರೆ. ಪರದೆ ಮೇಲೆ ಮೊದಲು ಬರೋ ಹೆಸರು ಅಜ್ಜಿಯದು, ಅದನ್ನ ಓದ್ಕೊಂಡು ಆಮೇಲೆ ಕುಣೀರಿ. ಊಟ ಐದು ನಿಮಿಷ ತಡವಾಗುತ್ತೆ.